ಕಪಾಟಿನಲ್ಲಿ ಉಳಿದಿದ್ದ ಮುರುಗಲ ತುಪ್ಪ

ಅಥವಾ ಅದು ಬಿಳಿಯಾಗಿರಲೇ ಇಲ್ಲವೇನೋ. ಆಯಿ, ನನ್ನ ಅಮ್ಮ, ಪಾತ್ರೆಯ ಮೇಲೆ ಬಗ್ಗಿ ಬೆರಳಿನಿಂದ ಏನನ್ನೋ ಉದುರಿಸುತ್ತಿದ್ದಳು, ಅದು ಬಿಳಿಯಾಗಿತ್ತು, ಪುಡಿಪುಡಿಯಾಗಿತ್ತು ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಬರೆಯಲು ಕೂತರೆ ಕಾಣುವುದು ಅವಳ ಬೆನ್ನು ಮಾತ್ರ. ಬೆನ್ನ ಹಿಂದೆ ನಿಂತವಳಿಗೆ ಬೆರಳ ತುದಿ ಹೇಗೆ ಕಂಡಿತು? ಅಂಗಳದ ಒಲೆಯಿಂದ ಹೊಗೆ ಬೇರೆ ಏಳುತ್ತಿತ್ತು. ನಾನು ನೋಡಿದೆನೋ, ಆಮೇಲೆ ಯಾರೋ ಹೇಳಿದ್ದನ್ನು ನೋಡಿದ್ದೆಂದು ಇಟ್ಟುಕೊಂಡೆನೋ, ಈಗ ಬೇರೆ ಮಾಡಲಾಗುವುದಿಲ್ಲ.

ಖಚಿತವಾಗಿ ಹೇಳಬಹುದಾದಷ್ಟನ್ನು ಮೊದಲು ಹೇಳಿಬಿಡುತ್ತೇನೆ. ನಮ್ಮ ಮನೆ ಕಾರವಾರದ ಹತ್ತಿರದ ಹಣಕೋಣದಲ್ಲಿ. ಮುರುಗಲ, ಅಂದರೆ ಕೋಕಂ, ಹಣ್ಣಿನ ಕೆಂಪು ಸಿಪ್ಪೆ ಎಲ್ಲರಿಗೂ ಗೊತ್ತು, ಸಾರಿಗೆ, ಶರಬತ್ತಿಗೆ. ಬೀಜವನ್ನು ಬಹಳ ಮಂದಿ ತಿಪ್ಪೆಗೆ ಎಸೆಯುತ್ತಾರೆ. ನಮ್ಮ ಕೇರಿಯ ಹೆಂಗಸರು ಎಸೆಯುತ್ತಿರಲಿಲ್ಲ. ಮಳೆಗೆ ಮೊದಲು ತೊಳೆದು ಒಣಗಿಸಿ ಗೋಣಿಯಲ್ಲಿ ಕಟ್ಟಿಡುತ್ತಿದ್ದರು. ಗದ್ದೆ ಕೆಲಸ ಮುಗಿದು ಚಳಿ ಬಿದ್ದ ಮೇಲೆ ನಾಲ್ಕಾರು ಮನೆಯವರು ಸೇರಿ ಒಂದೇ ಅಂಗಳದಲ್ಲಿ ಒಲೆ ಹೂಡುತ್ತಿದ್ದರು. ಬೀಜದ ಚಿಪ್ಪು ಒಡೆದು ಕೇರಿ, ತಿರುಳನ್ನು ಒರಳಿನಲ್ಲಿ ಕುಟ್ಟಿ, ನೀರಿನಲ್ಲಿ ಕುದಿಸಿದರೆ ಎಣ್ಣೆ ಮೇಲೆ ತೇಲಿ ಬರುತ್ತದೆ. ಅದನ್ನು ತೆಗೆದು ಆರಲು ಬಿಟ್ಟರೆ ಗಟ್ಟಿಯಾಗುತ್ತದೆ. ಹಾಗಾಗಿ ಎಣ್ಣೆ ಎನ್ನದೆ ತುಪ್ಪ ಎನ್ನುತ್ತೇವೆ. ಪೂರ್ತಿ ಗಟ್ಟಿಯಾಗುವ ಮೊದಲು ಅಂಗೈಯಲ್ಲಿ ಒತ್ತಿ ಮೊಟ್ಟೆಯಂಥ ಉಂಡೆ ಕಟ್ಟುತ್ತಾರೆ. ಚಳಿಗಾಲದಲ್ಲಿ ಒಡೆದ ಹಿಮ್ಮಡಿಗೆ, ತುಟಿಗೆ, ಎಳೆಗೂಸಿನ ಮೈಗೆ, ಕೆಲವರ ಮನೆಯಲ್ಲಿ ಒಗ್ಗರಣೆಗೂ.

ಆಯಿ ತೀರಿಹೋದ ಮೇಲೆ ಆ ಒಲೆಯನ್ನು ಮುಂದುವರಿಸಿದವಳು ವೈನಿ, ನನ್ನ ಅಣ್ಣನ ಹೆಂಡತಿ. ಅವಳ ತವರು ಅಂಕೋಲೆಯ ಕಡೆ. ಮದುವೆಯಾಗಿ ಬಂದಾಗ ಅವಳಿಗೆ ನಮ್ಮ ಕೊಂಕಣಿ ಬರುತ್ತಿರಲಿಲ್ಲ. ಹಾಗಾಗಿ ನಮ್ಮಿಬ್ಬರ ಮಾತು ಮೊದಲಿನಿಂದಲೂ ಕನ್ನಡದಲ್ಲಿ, ನಡುನಡುವೆ ಕೊಂಕಣಿ. ವೈನಿ ಕೇರಿಯ ಹೆಂಗಸರ ಸಂಘ ಕಟ್ಟಿ ಉಂಡೆಗಳನ್ನು ಕಾರವಾರದ ಪೇಟೆಯ ಅಂಗಡಿಗಳಿಗೆ ಕೊಡಲು ಶುರುಮಾಡಿದಳು. ಚಳಿಗಾಲದಲ್ಲಿ ಏನೂ ತೊಂದರೆ ಇರಲಿಲ್ಲ. ಬೇಸಿಗೆ ಬಂದದ್ದೇ ಅವು ಮೆತ್ತಗಾಗಿ ಬೆವರುತ್ತಿದ್ದವು, ಸುತ್ತಿದ ಕಾಗದ ತೊಯ್ದು ಹೋಗುತ್ತಿತ್ತು. ಮತ್ತೆ ತಂಪಾದಾಗ ಒಳಗೆಲ್ಲ ರವೆಯಂತೆ ಕಾಳುಕಾಳು. ಹೋದ ವೈಶಾಖದಲ್ಲಿ ಅಂಗಡಿಯವರು ಇಡೀ ಡಬ್ಬ ವಾಪಸು ಕಳಿಸಿದರು. ಸಂಘದಲ್ಲಿ ಉಳಿದವರು ಹೇಳಿದ್ದು ಒಂದೇ: ಇನ್ನೊಂದು ಬೇಸಿಗೆ ನೋಡೋಣ, ನಿಲ್ಲದಿದ್ದರೆ ಒಲೆ ಬೇಡ, ಮಸಾಲೆ ಪುಡಿ ಪ್ಯಾಕ್ ಮಾಡುವ.

ಅದಕ್ಕಿಂತ ವೈನಿಗೆ ಚುಚ್ಚಿದ ಮಾತು ಬೇರೆ ಇತ್ತು. ಅವಳು ನಮ್ಮ ಮನೆಗೆ ಕಾಲಿಟ್ಟ ದಿನದಿಂದ ಕೇಳಿದ ಮಾತು: ಆಯಿಯ ಕೈ ಬೇರೆ.

ಆಯಿಯ ಉಂಡೆ ಬೇಸಿಗೆಯಲ್ಲೂ ಕಲ್ಲಿನಂತಿರುತ್ತಿತ್ತು ಎನ್ನುವುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಸಾಕ್ಷಿಯೂ ಇತ್ತು. ಕಾರವಾರದ ನನ್ನ ಬಾಡಿಗೆ ಮನೆಯ ಕಪಾಟಿನಲ್ಲಿ ಆಯಿಯ ಒಂದು ಉಂಡೆ ಉಳಿದಿತ್ತು. ಅವಳ ಸೀರೆಗಳ ಜೊತೆ ಬಂದದ್ದು. ಒಂದು ಪಕ್ಕಕ್ಕೆ ನಾಲ್ಕು ಬೆರಳ ತಗ್ಗು, ಇನ್ನೊಂದು ಪಕ್ಕಕ್ಕೆ ಹೆಬ್ಬೆರಳ ತಗ್ಗು. ಆಗಾಗ ಆ ತಗ್ಗುಗಳಲ್ಲಿ ನನ್ನ ಬೆರಳಿಟ್ಟು ನೋಡುತ್ತಿದ್ದೆ. ಮುರುಗಲ ತುಪ್ಪ ಮೈಬಿಸಿಗೆ ಕರಗುವುದಿಲ್ಲ, ಮೇಲ್ಮೈ ಮಾತ್ರ ತುಸು ಜಾರುತ್ತದೆ. ಅಷ್ಟೂ ಸವೆಯಬಾರದೆಂದು ಬೇಗ ಕೈ ತೆಗೆಯುತ್ತಿದ್ದೆ. ಫೋಟೋಗಳಲ್ಲಿ ಆಯಿ ಯಾವಾಗಲೂ ಸೆರಗು ಸರಿಮಾಡಿಕೊಂಡು ಬೇರೆ ಯಾರೋ ಆಗಿ ನಿಂತಿರುತ್ತಾಳೆ. ಉಂಡೆಯಲ್ಲಿ ಹಾಗಿಲ್ಲ ಅಂದುಕೊಂಡಿದ್ದೆ.

ಈ ಸಲ ಒಲೆ ಹೂಡುವ ಮೊದಲು ವೈನಿ ಬಸ್ಸು ಹತ್ತಿ ನನ್ನ ಮನೆಗೆ ಬಂದಳು. ಚಹಾ ಕುಡಿದು ಲೋಟ ಕೆಳಗಿಡುವ ಮೊದಲೇ ಕೇಳಿದಳು.

“ಬಾಯೆ, ನೀನು ಕಾಲೇಜಲ್ಲಿ ಕೆಮಿಸ್ಟ್ರಿ ಅಲ್ದಾ ಕಲಿಸೂದು? ಆಯಿ ಅದ್ರಾಗೆ ಎಂಥಾ ಹಾಕ್ತಿದ್ರು ನೋಡಿ ಹೇಳು.”

“ನೋಡ್ಬೇಕಾದ್ರೆ ಕತ್ತರಿಸ್ಬೇಕಾಗ್ತದೆ ವೈನಿ.”

“ಕತ್ತರಿಸು. ತುಪ್ಪ ಅದು, ದೇವರಲ್ಲ.”

ಅವಳು ನನ್ನ ಮುಖ ನೋಡಿ ತುಸು ಮೆತ್ತಗಾದಳು. “ಮೊದ್ಲು ಮಾವಶಿ ಹತ್ರ ಕೇಳುವ. ಅವ್ರಿಗೆ ನೆನಪಿದ್ರೆ ಕತ್ತರಿಸೂದೇ ಬೇಡ.”

ಮಾವಶಿ ಎಂದರೆ ಆಯಿಯ ತಂಗಿ, ಬೇಲೆಕೇರಿಯಲ್ಲಿದ್ದಾಳೆ. ಅಲ್ಲಿಗೆ ಹೋಗಿ ಬಂದ ದಿನದ ನೆನಪು ನನಗೆ ಸ್ಪಷ್ಟವಾಗಿದೆ, ಆದರೆ ಸ್ಪಷ್ಟ ನೆನಪಿನ ಬಗ್ಗೆ ನನಗೆ ಈಗ ಹೆಚ್ಚು ಗೌರವ ಉಳಿದಿಲ್ಲ. ಮನೆಯೆದುರು ಹೊನ್ನೆ ಮರ. ಬಾವಲಿಗಳು ಸಿಪ್ಪೆ ತಿಂದು ಬಿಟ್ಟ ಕಾಯಿಗಳು ಕೆಳಗೆ ಗೋಲಿಗಳಂತೆ ಬಿದ್ದಿದ್ದವು. ಚಿಕ್ಕವಳಿದ್ದಾಗ ಆ ಕಾಯಿಯ ಎಣ್ಣೆಯಲ್ಲೇ ದೀಪ ಹಚ್ಚುತ್ತಿದ್ದರು ಎಂದು ಮಾವಶಿ ಮೂಗು ಮುಚ್ಚಿಕೊಂಡು ತೋರಿಸಿದಳು. ಹಸಿರೆಣ್ಣೆ, ಘಾಟು ವಾಸನೆ, ಅಡುಗೆಗೆ ವಿಷ, ಗಂಟುನೋವಿಗೆ ಔಷಧ, ದೋಣಿಯ ಮರಕ್ಕೂ ಬಳಿಯುತ್ತಿದ್ದರಂತೆ. ಅದೇ ಎಣ್ಣೆಯನ್ನು ಸೋಸಿ, ರಾಳ ತೆಗೆದು, ಈಗ ಮುಖಕ್ಕೆ ಹಚ್ಚುವ ಸಣ್ಣ ಶೀಶೆಗಳಲ್ಲಿ ಮಾರುತ್ತಾರೆ, ಎಂಜಿನ್ನಿಗೆ ಹಾಕಬಹುದೇ ಎಂದೂ ಪ್ರಯೋಗ ನಡೆಸುತ್ತಾರೆ ಎಂದು ನಾನು ಹೇಳಿದೆ.

“ಮುಖಕ್ಕಾ!” ಮಾವಶಿ ನಕ್ಕಳು. “ನಮ್ಮ ಅಜ್ಜಿ ಎಮ್ಮೆ ಹುಣ್ಣಿಗೆ ಹಚ್ತಿದ್ಲು. ಹಾಗಾದ್ರೆ ನಮ್ಮ ಎಮ್ಮೆ ಎಷ್ಟ್ ಚಂದ ಇತ್ತು ಅಂತ ಈಗ ತಿಳೀತು.”

ಮುರುಗಲ ವಿಷಯಕ್ಕೆ ಬಂದಾಗ ಅವಳು ತಡವರಿಸಲೇ ಇಲ್ಲ. “ಜೇನುಮೇಣ ಗೋ. ನಾನೇ ನೋಡಿದ್ದೇನೆ. ಪಾತ್ರೆ ಆರ್ತಾ ಬಂದಾಗ ಚೂರು ಮುರ್ದು ಹಾಕ್ತಿದ್ಲು.”

ನನ್ನ ನೆನಪು ಬೇರೆ ಇತ್ತು. ರಾಮನಗುಳಿಯ ಕಡೆಯಿಂದ ಯಾರೋ ಉಪ್ಪಾಗೆ ತುಪ್ಪ ತಂದುಕೊಡುತ್ತಿದ್ದರು, ಆಯಿ ಅದನ್ನು ಬೆರೆಸುತ್ತಿದ್ದಳು ಎಂದು. ಉಪ್ಪಾಗೆ ಮುರುಗಲದ ಹತ್ತಿರದ ಸಂಬಂಧಿ. ಅದರ ಬೀಜದಿಂದಲೂ ಇಂಥದೇ ತುಪ್ಪ ಬರುತ್ತದೆ. ಹಣಕೋಣಕ್ಕೆ ವಾಪಸಾಗಿ ಅಣ್ಣನನ್ನು ಕೇಳಿದೆವು. ಅವನು ಟಿವಿಯಿಂದ ಕಣ್ಣು ತೆಗೆಯದೆ, “ಆಯಿ ಏನೂ ಹಾಕ್ತಿರ್ಲಿಲ್ಲ. ನೀವೆಲ್ಲ ಕತೆ ಕಟ್ತೀರಿ” ಎಂದ.

ಮೂರು ಜನ, ಒಂದೇ ಅಂಗಳ, ಮೂರು ಪಾತ್ರೆ. ವೈನಿ ನನ್ನತ್ತ ತಿರುಗಿದಳು. ಮರುವಾರ ಉಂಡೆಯನ್ನು ಕಾಲೇಜಿಗೆ ಒಯ್ದೆ.

ಮೊದಲು ಮಾಡಿದ್ದು ಸುಲಭದ ಕೆಲಸ. ಬುಡದಿಂದ, ಬೆರಳ ಗುರುತಿಲ್ಲದ ಕಡೆಯಿಂದ, ಉಗುರಿನಷ್ಟು ಕೆರೆದೆ. ಸಣ್ಣ ಗಾಜಿನ ಕೊಳವೆಯಲ್ಲಿ ತುಂಬಿ, ಥರ್ಮಾಮೀಟರಿಗೆ ಕಟ್ಟಿ, ನೀರಿನಲ್ಲಿ ನಿಧಾನ ಬಿಸಿ ಮಾಡಿದೆ. ಪಕ್ಕದಲ್ಲಿ ವೈನಿಯ ಉಂಡೆಯ ಚೂರು ಇನ್ನೊಂದು ಕೊಳವೆಯಲ್ಲಿ. ವೈನಿಯದು ಮೊದಲು ಕರಗಿತು. ಆಯಿಯದು ಇನ್ನೂ ಬಿಳಿಯಾಗಿ ನಿಂತಿತ್ತು, ಸಾಕಷ್ಟು ಬಿಸಿಯಾದ ಮೇಲೆ ಕರಗಿತು. ನನಗೆ ಖುಷಿಯಾಯಿತು ಎಂದು ಒಪ್ಪಬೇಕು. ಆಯಿಯ ಕೈ ಬೇರೆಯೇ.

ಎರಡರಿಂದಲೂ ಇನ್ನಷ್ಟು ಚೂರನ್ನು ಬೇರೆ ಬೇರೆ ಶೀಶೆಯಲ್ಲಿ ಹಾಕಿ, ಕೊಬ್ಬಿನ ಅಂಶಗಳನ್ನು ಅನಿಲದಲ್ಲಿ ಬೇರ್ಪಡಿಸುವ ದೊಡ್ಡ ಯಂತ್ರವಿರುವ ಕಡೆ ಕಳಿಸಿದೆ. ನಮ್ಮ ಕಾಲೇಜಿನಲ್ಲಿ ಅದಿಲ್ಲ. ಉತ್ತರ ಬಂದಾಗ ಎರಡು ಗೆರೆಚಿತ್ರಗಳನ್ನು ಒಂದರ ಮೇಲೊಂದು ಇಟ್ಟು ಕಿಟಕಿಯ ಬೆಳಕಿಗೆ ಹಿಡಿದೆ. ಎರಡರಲ್ಲೂ ಅವೇ ಎರಡು ದೊಡ್ಡ ಶಿಖರ, ಸ್ಟಿಯರಿಕ್ ಆಮ್ಲ ಮತ್ತು ಓಲಿಯಿಕ್ ಆಮ್ಲ. ಅಕ್ಕಪಕ್ಕ ಸಣ್ಣಪುಟ್ಟ ಉಳಿದವು. ಜೇನುಮೇಣ ಇದ್ದಿದ್ದರೆ ಕೊನೆಯಲ್ಲಿ, ತಡವಾಗಿ ಬರುವ ಶಿಖರಗಳು ಕಾಣಬೇಕಿತ್ತು. ಕಾಣಲಿಲ್ಲ. ಉಪ್ಪಾಗೆ ಇದೆಯೋ ಇಲ್ಲವೋ ಹೇಳಲಾಗಲಿಲ್ಲ. ಅದರದ್ದೂ ಮುಖ್ಯವಾಗಿ ಇವೇ ಎರಡು ಆಮ್ಲಗಳು, ಚೂರು ಬೆರೆಸಿದ್ದರೆ ಗುರುತು ಸಿಗುವುದು ಕಷ್ಟ. ಒಟ್ಟಿನಲ್ಲಿ ಆಯಿಯ ಉಂಡೆಗೂ ವೈನಿಯ ಉಂಡೆಗೂ ಯಂತ್ರಕ್ಕೆ ಕಾಣುವಂಥ ವ್ಯತ್ಯಾಸವಿರಲಿಲ್ಲ.

ಹಾಗಾದರೆ ಒಂದು ಬೇಗ, ಒಂದು ತಡವಾಗಿ ಕರಗಿದ್ದೇಕೆ? ಎರಡು ಕೊಳವೆಗಳನ್ನೂ ಪೂರ್ತಿ ಕರಗಿಸಿ, ಥಂಡಿ ನೀರಿನಲ್ಲಿ ಅದ್ದಿ ಗಟ್ಟಿ ಮಾಡಿ, ಮತ್ತೆ ಬಿಸಿಗಿಟ್ಟೆ. ಈ ಸಲ ಎರಡೂ ಒಟ್ಟಿಗೇ ಕರಗಿದವು. ಒಮ್ಮೆ ಕರಗಿದ್ದೇ ಆಯಿಯ ತುಪ್ಪ ತಾನು ಆಯಿಯದು ಎಂಬುದನ್ನು ಮರೆತಿತ್ತು.

ಇದು ತರಗತಿಯಲ್ಲಿ ನಾನೇ ಕಲಿಸುವ ಪಾಠ. ಕೊಬ್ಬಿನ ಒಂದೊಂದು ಅಣುವಿಗೂ ಮೂರು ಬಾಲಗಳು. ಮುರುಗಲದಲ್ಲಿ ಹೆಚ್ಚಾಗಿ ಎರಡು ನೆಟ್ಟಗಿನ ಸ್ಟಿಯರಿಕ್ ಬಾಲ, ನಡುವೆ ಬಾಗಿದ ಓಲಿಯಿಕ್ ಬಾಲ. ಇಂಥ ಅಣುಗಳು ಒಂದರ ಪಕ್ಕ ಒಂದು ಹೊಂದಿ ಕೂರಲು ಬೇರೆ ಬೇರೆ ಬಗೆಗಳಿವೆ. ಅವಸರದಲ್ಲಿ ತಣಿಸಿದರೆ ಹೇಗೆಂದರೆ ಹಾಗೆ ಕೂರುತ್ತವೆ. ಬೇಗ ಕರಗುತ್ತವೆ, ಬೆವರುತ್ತವೆ, ಕಾಳುಗಟ್ಟುತ್ತವೆ. ನಿಧಾನಕ್ಕೆ ಬಿಟ್ಟರೆ ಒತ್ತೊತ್ತಾಗಿ ಕೂರುತ್ತವೆ, ಬಿಸಿ ತಡೆಯುತ್ತವೆ. ಚಾಕಲೇಟು ಮಾಡುವವರಿಗೆ ಇದು ದಿನನಿತ್ಯದ ವಿಷಯ. ಮುರುಗಲ ತುಪ್ಪವನ್ನು ಚಾಕಲೇಟಿಗೆ, ಸಾಬೂನಿಗೆ, ಮುಲಾಮಿಗೆ ಬಳಸಬಹುದು ಎನ್ನುವುದೂ ಈ ಗುಣಕ್ಕೇ.

ಹಣಕೋಣಕ್ಕೆ ಹೋಗಿ ಇದನ್ನೆಲ್ಲ ಹೇಳಿದೆ. ವೈನಿ ಬೀಜ ಕೇರುತ್ತಾ ಕೇಳಿಸಿಕೊಂಡಳು.

“ಅಂದ್ರೆ ಆಯಿ ಎಂಥದೂ ಹಾಕ್ಲಿಲ್ಲ?”

“ಮೇಣ ಅಂತೂ ಹಾಕ್ಲಿಲ್ಲ. ನೀನು ಹೇಗೆ ಆರಿಸ್ತೆ?”

“ಫ್ರಿಜ್ಜಲ್ಲಿ ಇಡ್ತೆ. ಮತ್ತೆ? ನಿನ್ನ ಅಣ್ಣ ಅಷ್ಟ್ ದೊಡ್ಡ ಫ್ರಿಜ್ಜು ತಂದದ್ದು ಬರೇ ಬಂಗ್ಡೆ ಇಡೂಕಾ?”

ಇಬ್ಬರೂ ನಕ್ಕೆವು. ಆಯಿಯ ಕಾಲದಲ್ಲಿ ಪಾತ್ರೆಯನ್ನು ಬೆಚ್ಚಗಿನ ಬೂದಿಯ ಮೇಲೆ ಮುಚ್ಚಿಟ್ಟು ಬಿಡುತ್ತಿದ್ದರು. ಉತ್ತರ ಸಿಕ್ಕಿತು ಎಂದುಕೊಂಡೆ. ಇಲ್ಲಿಗೆ ನಿಲ್ಲಿಸಿದ್ದರೆ ಇದೊಂದು ಒಳ್ಳೆಯ ಕತೆ ಆಗುತ್ತಿತ್ತು.

ನಾನು ಉಂಡೆಯನ್ನು ಚೀಲದಿಂದ ತೆಗೆದು ಜಗಲಿಯ ಮೇಲಿಟ್ಟೆ. ವೈನಿ ಕೈ ಒರೆಸಿಕೊಂಡು ಅದನ್ನೆತ್ತಿಕೊಂಡಳು. ನನ್ನ ಹಾಗೆ ಹಿಂಜರಿಯಲಿಲ್ಲ. ನಾಲ್ಕು ಬೆರಳು ಒಂದು ಕಡೆ, ಹೆಬ್ಬೆರಳು ಇನ್ನೊಂದು ಕಡೆ, ಸರಿಯಾಗಿ ಕೂತವು. ನನ್ನ ಬೆರಳುಗಳು ಯಾವತ್ತೂ ಹಾಗೆ ಕೂತಿರಲಿಲ್ಲ, ನನ್ನವು ಉದ್ದ.

“ಆಯಿ ಕೈ ನಿನ್ನಷ್ಟೇ ಇತ್ತು ನೋಡು” ಎಂದೆ.

“ಇದು ಆಯಿ ಕೈ ಅಂತ ಯಾರು ಹೇಳಿದ್ರು ನಿಂಗೆ?”

ನಾನು ಅವಳ ಮುಖ ನೋಡಿದೆ.

“ನಮ್ಮನೆ ಗುರ್ತು ಗೋ ಅದು. ಆಚೆಮನೆಯವ್ರದ್ದು ಬರೇ ಹೆಬ್ಬೆಟ್ಟು. ಕೆಳಗಿನ ಮನೆಯವ್ರದ್ದು ಚಿವುಟಿದ ಹಾಗೆ. ಎಲ್ಲಾ ಒಂದೇ ಚಾಪೆ ಮೇಲೆ ಒಣಗ್ತದಲ್ಲ, ಯಾರದ್ದು ಯಾವ್ದು ಅಂತ ತಿಳೀಬೇಕಲ್ದಾ? ನಾನು ಬಂದ ವರ್ಷವೇ ಆಯಿ ನನ್ನ ಕೈ ಹಿಡ್ದು ಒತ್ತಿಸಿದ್ರು.”

“ಹಾಗಾದ್ರೆ ಇದು?”

“ನಂಗೆಂಥ ಗೊತ್ತು? ಕೊನೆ ವರ್ಷಗಳಲ್ಲಿ ಆಯಿ ಬೆರಳು ಸೆಟೆದು ಹೋಗಿತ್ತಲ್ಲ. ಹೆಚ್ಚಿಂದು ನಾನೇ ಕಟ್ಟಿದ್ದು. ಒಂದೋ ಎರಡೋ ಅವ್ರೂ ಕಟ್ಟಿರ್ಬೇಕು, ಸುಮ್ನೆ ಕೂರೂ ಜಾತಿ ಅಲ್ಲ.”

ಮನೆಯ ಮಗಳಾದ ನನಗೆ ಇದು ಗೊತ್ತಿರಲಿಲ್ಲ. ಗುರುತು ಕಲಿಸುವುದು ಸೊಸೆಗೆ, ಮಗಳಿಗಲ್ಲ. ಮಗಳು ಇನ್ನೊಂದು ಮನೆಯ ಗುರುತು ಕಲಿಯಬೇಕಾದವಳು. ನಾನು ಯಾವ ಮನೆಗೂ ಹೋಗಲಿಲ್ಲ, ಯಾವ ಗುರುತನ್ನೂ ಕಲಿಯಲಿಲ್ಲ. ಇಷ್ಟು ವರ್ಷ ಬೆರಳಿಟ್ಟು ನೋಡುತ್ತಿದ್ದ ತಗ್ಗು ಒಂದು ಮನೆಯದ್ದು. ಅದನ್ನು ಒತ್ತಿದವಳು ಪ್ರಾಯಶಃ ನನ್ನೆದುರು ಕೂತು ಚಿಪ್ಪು ಊದುತ್ತಿದ್ದಳು.

ವೈನಿಗೆ ಬೇರೆಯದೇ ಹೊಳೆಯಿತು. ಅವಳ ದನಿ ಸಣ್ಣದಾಯಿತು. “ಇದು ನಾನು ಕಟ್ಟಿದ್ದಾದ್ರೆ, ಇಷ್ಟ್ ಗಟ್ಟಿ ನಾನೂ ಮಾಡಿದ್ದೆ ಅಂತಾಯ್ತಲ್ದಾ?”

ಹೌದು ಎನ್ನಲು ಬಾಯಿ ತೆರೆದೆ. ಆಗ ನೆನಪಾಯಿತು, ಕೊಬ್ಬು ಕೂತಲ್ಲೇ ಬದಲಾಗುತ್ತದೆ. ಅವಸರದಲ್ಲಿ ತಣಿದದ್ದೂ ವರ್ಷಗಟ್ಟಲೆ ಕಪಾಟಿನಲ್ಲಿದ್ದರೆ ಒಳಗೊಳಗೇ ಹೊಂದಿಕೊಂಡು ಗಟ್ಟಿಯಾಗಬಹುದು. ಈ ಉಂಡೆ ಕಟ್ಟಿದ ದಿನ ಹೇಗಿತ್ತೋ ಯಾರಿಗೆ ಗೊತ್ತು? ಈಗ ಗಟ್ಟಿಯಿದೆ, ಹಾಗಾಗಿ ಆಗಲೂ ಗಟ್ಟಿಯಿತ್ತು ಎಂದು ನಾವೆಲ್ಲ ನೆನೆಯುತ್ತಿದ್ದೇವೆ. ಆಯಿಯ ಉಂಡೆಗಳೂ ಬೇಸಿಗೆಯಲ್ಲಿ ಬೆವರುತ್ತಿದ್ದವೋ ಏನೋ. ಬೆವರಿದ್ದನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ?

ಇದನ್ನು ಹೇಳದೇ ಇರಬಹುದಿತ್ತು. ಹೇಳಿದೆ. ವೈನಿ ಸ್ವಲ್ಪ ಹೊತ್ತು ಮೊರದಲ್ಲಿ ಕೈಯಾಡಿಸಿದಳು.

“ಒಳ್ಳೇದು ಕಲ್ತಿ ನೀನು. ಕೊಟ್ಟದ್ದನ್ನೂ ಕಸೀತೆ. ಹಾಗಾದ್ರೆ ನನ್ನವನ್ನೂ ಹತ್ತು ವರ್ಷ ಕಪಾಟಲ್ಲಿಟ್ಟು ಆಮೇಲೆ ಅಂಗಡಿಗೆ ಕೊಡೂದಾ?”

“ಬೇಡ. ಇನ್ನೊಂದು ದಾರಿ ಇದೆ.”

ದಾರಿ ಇತ್ತು. ಆರುತ್ತಿರುವ ಕೊಬ್ಬಿಗೆ ಚೆನ್ನಾಗಿ ಕೂತ ಹಳೆಯ ಗಟ್ಟಿ ಕೊಬ್ಬಿನ ಪುಡಿ ಬೆರೆಸಿದರೆ, ಹೊಸ ಅಣುಗಳು ಅದನ್ನು ನೋಡಿ ಅದರಂತೆಯೇ ಕೂರುತ್ತವೆ. ನೋಡಿ ಎಂದದ್ದು ನನ್ನ ಮಾತು, ಅಣುಗಳಿಗೆ ಕಣ್ಣಿಲ್ಲ. ಪಾತ್ರೆ ತೀರ ಬಿಸಿಯಿರಬಾರದು, ಪುಡಿ ಕರಗಿ ಹೋಗುತ್ತದೆ. ತೀರ ಆರಿಯೂ ಇರಬಾರದು.

“ಹಾಲಿಗೆ ಹೆಪ್ಪು ಹಾಕಿದ ಹಾಗೆ” ಎಂದಳು ವೈನಿ.

“ಹಾಗೇ.”

ಹೆಪ್ಪಿಗೆ ಇದ್ದದ್ದು ಒಂದೇ ಉಂಡೆ. ಅವಳು ಕೇಳಲಿಲ್ಲ. ಉಂಡೆಯನ್ನು ನನ್ನ ಕಡೆ ಸರಿಸಿ ಒಳಗೆ ಹೋದಳು, ತುರಿಮಣೆ ತರಲೋ, ನನ್ನನ್ನು ಒಬ್ಬಳೇ ಬಿಡಲೋ. ಅದು ಆಯಿಯ ಕೈ ಎಂದು ಖಚಿತವಿದ್ದರೆ ನಾನು ಕೊಡುತ್ತಿರಲಿಲ್ಲ. ಅಲ್ಲವೆಂದು ಖಚಿತವಿದ್ದರೆ ಅಲ್ಲಿ ಕೂತು ಯೋಚಿಸುತ್ತಲೂ ಇರಲಿಲ್ಲ. ಅವಳು ಬಂದಾಗ ಅದನ್ನು ನಾನೇ ತುರಿಮಣೆಯ ಪಕ್ಕದಲ್ಲಿಟ್ಟಿದ್ದೆ.

ಒಲೆ ಹೂಡಿದ ದಿನ ನಾನೂ ಹೋಗಿದ್ದೆ. ತೇಲಿದ ತುಪ್ಪವನ್ನು ವೈನಿ ಬೇರೆ ಪಾತ್ರೆಗೆ ಬಗ್ಗಿಸಿ ಬೂದಿಯ ಮೇಲಿಟ್ಟಳು. ಕಿರುಬೆರಳು ಅದ್ದಿ ಅದ್ದಿ ನೋಡಿದಳು. ಆಚೆಮನೆಯವಳು ಇಣುಕಿ, “ಎಂಥಾ, ಕೂಸಿಗೆ ಮೀಸೂಕೆ ನೀರು ಹದ ಮಾಡ್ತ್ಯಾ?” ಎಂದಳು. ಬಿಸಿ ಸಾಕಷ್ಟು ಇಳಿದ ಮೇಲೆ, ತುರಿದಿಟ್ಟ ಉಂಡೆಯನ್ನು ವೈನಿ ಪಾತ್ರೆಯ ಮೇಲೆ ಬಗ್ಗಿ ಬೆರಳಿನಿಂದ ಉದುರಿಸತೊಡಗಿದಳು.

ನಾನು ಅವಳ ಬೆನ್ನ ಹಿಂದೆ ನಿಂತಿದ್ದೆ. ಹೊಗೆ ಇತ್ತು.

ಒಂದು ಮಾತು ನೆನಪಿಗೆ ಬಂತು. ಆಯಿ ಪ್ರತಿ ವರ್ಷ ಒಂದು ಉಂಡೆಯನ್ನು ಕಪಾಟಿನಲ್ಲಿ ಎತ್ತಿಡುತ್ತಿದ್ದಳು. ಹಿಮ್ಮಡಿಗೆ ಎಂದು ನಾನು, ಲಕ್ಷ್ಮಿ ಉಳಿಯಲಿ ಎಂದು ಅಣ್ಣ ತಿಳಿದಿದ್ದೆವು. ಅವಳು ಉದುರಿಸುತ್ತಿದ್ದದ್ದು ಹಿಂದಿನ ವರ್ಷದ ಉಂಡೆಯೇ ಆಗಿದ್ದರೆ ನಾನು ಕಂಡ ಉಪ್ಪಾಗೆ, ಮಾವಶಿ ಕಂಡ ಮೇಣ, ಅಣ್ಣ ಹೇಳಿದ ಏನೂ ಇಲ್ಲ, ಮೂರೂ ಒಂದೇ ಆಗಿಬಿಡುತ್ತವೆ. ಎಲ್ಲವೂ ಕೂಡಿಬರುತ್ತದೆ. ಇಷ್ಟು ಚಂದ ಕೂಡಿಬರುವುದರಿಂದಲೇ ನಾನು ಅದನ್ನು ನಂಬಲು ಹೆದರುತ್ತೇನೆ. ಆಯಿಯ ಬೆರಳು, ಬಿಳಿಯ ಪುಡಿ ನಾನು ಕಂಡೆನೆಂದು ಹೇಳತೊಡಗಿದ್ದೇ, ವೈನಿಯದನ್ನು ನೋಡಿದ ಮೇಲೆ ಇರಬಹುದು. ಈ ಸಲ ಒಲೆ ಹೂಡುವ ಮೊದಲೂ ಬಿಳಿಯಾಗಿತ್ತು ಎಂದೇ ಹೇಳುತ್ತಿದ್ದೆ, ಎಂದು ನನಗೆ ನೆನಪು. ಆ ನೆನಪಿಗೂ ಬೇರೆ ಸಾಕ್ಷಿ ಇಲ್ಲ.

ಈ ವೈಶಾಖದ ಒಂದು ಮಧ್ಯಾಹ್ನ ಸಂಘದ ಹೆಂಗಸರು ಜಗಲಿಯಲ್ಲಿ ಸೇರಿದರು. ತಗಡಿನ ಮಾಡಿನ ಕೆಳಗಿಟ್ಟಿದ್ದ ಉಂಡೆಗಳನ್ನು ಒಬ್ಬೊಬ್ಬರೂ ಹೆಬ್ಬೆರಳಿನಿಂದ ಒತ್ತಿ ನೋಡಿದರು. ಹೆಚ್ಚಿನವು ಗಟ್ಟಿಯಾಗಿ ನಿಂತಿದ್ದವು. ಕೆಲವು ಬೆವರಿದ್ದವು. ಯಾಕೆ ಕೆಲವು ಮಾತ್ರ ಎಂದರೆ ನನ್ನಲ್ಲಿ ಉತ್ತರವಿಲ್ಲ. ಆಚೆಮನೆಯವಳು ಒಂದನ್ನು ನೆಲಕ್ಕೆ ಕುಟ್ಟಿ, “ಆಯ್ತು, ಮಸಾಲೆ ಪುಡಿ ಮುಂದಿನ ವರ್ಷ ನೋಡುವ” ಎಂದಳು. ಆಯಿಯ ಕೈ ಎಂದು ಅಂದು ಯಾರೂ ಹೇಳಲಿಲ್ಲ. ವೈನಿ ಅದನ್ನು ಗಮನಿಸಿದಳೋ ಇಲ್ಲವೋ, ಬೆವರಿದವನ್ನು ಬೇರೆ ಬುಟ್ಟಿಗೆ ಹಾಕುತ್ತಿದ್ದಳು. ಗಟ್ಟಿಯಾದವುಗಳಲ್ಲಿ ಒಂದನ್ನು ಆರಿಸಿ ಬಟ್ಟೆಯಲ್ಲಿ ಸುತ್ತಿ ಒಳಗಿನ ಕಪಾಟಿನಲ್ಲಿಟ್ಟು ಬಂದಳು.

ನನ್ನ ಕಪಾಟಿನಲ್ಲಿ ಈಗ ಸೀರೆಗಳಿವೆ, ಅವುಗಳಿಗೆ ಇನ್ನೂ ಸಣ್ಣಗೆ ಮುರುಗಲದ ವಾಸನೆ. ಆಯಿ ಪಾತ್ರೆಗೆ ಏನು ಹಾಕುತ್ತಿದ್ದಳು, ಏನಾದರೂ ಹಾಕುತ್ತಿದ್ದಳೇ, ನನಗೆ ಗೊತ್ತಿಲ್ಲ. ನಾವು ತುರಿದು ಮುಗಿಸಿದ ಆ ಉಂಡೆ ಯಾರ ಕೈಯದ್ದು ಎನ್ನುವುದೂ ಗೊತ್ತಿಲ್ಲ.